ಘಾಟಿ ತಿರುವಿನಲ್ಲಿ ನಮ್ಮನ್ನು ಹೊರಕ್ಕೆ ತಳ್ಳುವುದು ಏನು?

ಸಂಪಾಜೆ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯು ಸೈನ್ಸ್. ದಿನಾ ಸಂಪಾಜೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕ್ಲಾಸಿನಲ್ಲಿ ವೃತ್ತೀಯ ಚಲನೆಯ ಪಾಠ ನಡೆಯುತ್ತಿದೆ. ವೃತ್ತದಲ್ಲಿ ಒಂದೇ ವೇಗದಲ್ಲಿ ಸುತ್ತುವ ವಸ್ತುವಿನ ಮೇಲಿನ ಒಟ್ಟು ಬಲ ಕೇಂದ್ರದ ಕಡೆಗೇ ಇರುತ್ತದೆ, ಹೊರಕ್ಕೆ ತಳ್ಳುವ ಬಲ ಅಂತ ಒಂದಿಲ್ಲ ಎಂದರು ಮೇಡಂ. ಆದರೆ ಬಸ್ಸು ಎಡಕ್ಕೆ ತಿರುಗಿದಾಗಲೆಲ್ಲ ಬಲಗಡೆಯ ಕಿಟಕಿಗೆ ನನ್ನ ಭುಜ ಒತ್ತಿಕೊಳ್ಳುತ್ತದೆ. ನಿಂತವರೆಲ್ಲ ಹೊರಗಡೆಗೇ ವಾಲುತ್ತಾರೆ. ಬಲ ಇಲ್ಲದೆ ಇದೆಲ್ಲ ಹೇಗೆ ಆಗುತ್ತದೆ? ಕ್ಲಾಸಿನಲ್ಲಿ ಕೇಳಿದರೆ ಎಲ್ಲರೂ ನಕ್ಕರು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಜೀಪ್ ಅಣ್ಣ, ಮಡಿಕೇರಿ
ತಂಗೀ, ನಿಮ್ಮ ಮೇಡಂ ಒಂದು ಸಲ ನನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಮಾಂದಲಪಟ್ಟಿಗೆ ಬರಲಿ. ಹೊರಕ್ಕೆ ಬಲ ಇಲ್ಲ ಅಂತ ಆಮೇಲೆ ಹೇಳಲಿ, ನೋಡೋಣ. ಪುಸ್ತಕದವರು ಸ್ಟೇರಿಂಗ್ ಹಿಡಿದವರಲ್ಲ, ಅಷ್ಟೇ ನಾನು ಹೇಳುವುದು.

ಹಳೇ ಮೇಷ್ಟ್ರು, ವಿರಾಜಪೇಟೆ
ಮಗಳೇ, ನಗುವವರು ನಗಲಿ, ಪ್ರಶ್ನೆ ಚೆನ್ನಾಗಿದೆ. ನಿಮ್ಮ ಮೇಡಂ ಹೇಳಿದ್ದೂ ಸರಿ, ನಿನ್ನ ಭುಜಕ್ಕೆ ಆಗಿದ್ದೂ ಸರಿ.

ಮೊದಲು ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತವನ ಕಣ್ಣಿನಿಂದ ನೋಡು. ಬಸ್ಸು ನೇರ ಬರುತ್ತಿದೆ. ಒಳಗೆ ನೀನೂ ಅದೇ ವೇಗದಲ್ಲಿ ನೇರ ಬರುತ್ತಿದ್ದೀಯ. ಡ್ರೈವರ್ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ. ರಸ್ತೆ ಟೈರನ್ನು ಎಡಕ್ಕೆ ತಳ್ಳಿತು, ಬಸ್ಸು ತಿರುಗಿತು. ನಿನ್ನ ಮೈಯನ್ನು ಇನ್ನೂ ಯಾರೂ ತಳ್ಳಿಲ್ಲ, ಅದು ನೇರವಾಗಿಯೇ ಹೋಗಲು ನೋಡುತ್ತದೆ. ಇದು ನ್ಯೂಟನ್‌ನ ಮೊದಲನೇ ನಿಯಮ, ಬೇರೇನಲ್ಲ. ಅಷ್ಟರಲ್ಲಿ ಬಲಗಡೆಯ ಕಿಟಕಿಯೇ ನಿನ್ನ ಹತ್ತಿರ ಬರುತ್ತದೆ, ಬಂದು ನಿನ್ನ ಭುಜವನ್ನು ಎಡಕ್ಕೆ, ಅಂದರೆ ತಿರುವಿನ ಒಳಕ್ಕೆ, ತಳ್ಳುತ್ತದೆ. ಆ ಒತ್ತಡ ನಿನಗೆ ಗೊತ್ತಾಗುತ್ತದೆ. ಅದನ್ನು ನೀನು "ನಾನು ಹೊರಕ್ಕೆ ಹೋಗುತ್ತಿದ್ದೇನೆ" ಅಂತ ಓದಿಕೊಳ್ಳುತ್ತೀಯ.

ಲೆಕ್ಕ ಹಾಕೋಣ. ತಿರುವಿನ ತ್ರಿಜ್ಯ 20 ಮೀಟರ್, ವೇಗ ಗಂಟೆಗೆ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ, 1.25. ನಿನ್ನ ದ್ರವ್ಯರಾಶಿ 50 ಕೆಜಿ ಅಂದುಕೊಂಡರೆ 62.5 ನ್ಯೂಟನ್ ಬಲ ಬೇಕು. 6 ಕೆಜಿ ಚೀಲ ಎತ್ತಲು ಬೇಕಾಗುವಷ್ಟು. ಅದೇ ತಿರುವಿನಲ್ಲಿ 36 ಕಿ.ಮೀ. ವೇಗದಲ್ಲಿ ಹೋದರೆ 125 ಅಲ್ಲ, 250 ನ್ಯೂಟನ್. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಈ ಒಂದು ಮಾತು ನಮ್ಮ ಘಾಟಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿದ್ದರೆ ಸಾಕಿತ್ತು.

ತೋಟದ ಮನೆ, ಸುಂಟಿಕೊಪ್ಪ
ಮೇಷ್ಟ್ರೇ, ಒಂದು ಅನುಮಾನ. ಕಿಟಕಿ ಹುಡುಗಿಯನ್ನು ಒಳಕ್ಕೆ ತಳ್ಳುತ್ತದೆ. ಮೂರನೇ ನಿಯಮದ ಪ್ರಕಾರ ಹುಡುಗಿ ಕಿಟಕಿಯನ್ನು ಹೊರಕ್ಕೆ ತಳ್ಳುತ್ತಾಳೆ. ಹಾಗಾದರೆ ಅದೇ ಅಲ್ವಾ ಹೊರಕ್ಕೆ ತಳ್ಳುವ ಆ ಸೆಂಟ್ರಿಫ್ಯೂಗಲ್ ಫೋರ್ಸ್? ನಮಗೆ ಸ್ಕೂಲಿನಲ್ಲಿ ಹಾಗೇ ಹೇಳಿಕೊಟ್ಟ ನೆನಪು.

ಹಳೇ ಮೇಷ್ಟ್ರು, ವಿರಾಜಪೇಟೆ
ಅರ್ಧಕ್ಕರ್ಧ ಜನ ಎಡವುವುದು ಇಲ್ಲೇ. ಹುಡುಗಿ ಕಿಟಕಿಯನ್ನು ಹೊರಕ್ಕೆ ತಳ್ಳುವುದು ನಿಜ. ಅದು ನಿಜವಾದ ಬಲವೇ. ಆದರೆ ಅದು ಕಿಟಕಿಯ ಮೇಲೆ ಇರುವ ಬಲ, ಹುಡುಗಿಯ ಮೇಲೆ ಅಲ್ಲ. ಒಬ್ಬರ ಮೇಲೆ ಏನೇನು ಬಲ ಇದೆ ಎಂದು ಕೇಳಿದರೆ ಅವರ ಮೇಲೆ ಬೀಳುವುದನ್ನು ಮಾತ್ರ ಬರೆಯಬೇಕು. ಕೆಳಕ್ಕೆ ತೂಕ, ಮೇಲಕ್ಕೆ ಸೀಟಿನ ಒತ್ತು, ಪಕ್ಕಕ್ಕೆ ಕಿಟಕಿಯ ಒತ್ತು ಮತ್ತು ಸೀಟಿನ ಘರ್ಷಣೆ. ಮುಗಿಯಿತು. ಹೊರಕ್ಕೆ ಏನೂ ಇಲ್ಲ.

ಈಗ ಬಸ್ಸಿನೊಳಗೇ ಕೂತು, ಹೊರಗೆ ನೋಡದೆ, ಬಸ್ಸೇ ನಿಂತಿದೆ ಎಂದುಕೊಂಡು ಲೆಕ್ಕ ಹಾಕುವೆ ಎಂದು ಹಠ ಹಿಡಿದರೆ ಕಥೆ ಬೇರೆ. ಬಸ್ಸಿನ ಮಟ್ಟಿಗೆ ನೀನು ಅಲುಗಾಡುತ್ತಿಲ್ಲ, ಆದರೂ ಕಿಟಕಿ ನಿನ್ನನ್ನು ಒಳಕ್ಕೆ ತಳ್ಳುತ್ತಿದೆ. ಲೆಕ್ಕ ಸೊನ್ನೆ ಬರಬೇಕಾದರೆ ಹೊರಕ್ಕೆ ಅಷ್ಟೇ ಬಲವನ್ನು ಸೇರಿಸಬೇಕು. ಹಾಗೆ ಸೇರಿಸುವುದೇ ಕೇಂದ್ರಾಪಗಾಮಿ ಬಲ, ಅಂದರೆ ಆ ಸೆಂಟ್ರಿಫ್ಯೂಗಲ್ ಫೋರ್ಸ್. ಅದನ್ನು ಯಾವ ಹಗ್ಗವೂ, ಯಾವ ಗೋಡೆಯೂ, ಯಾವ ಗ್ರಹವೂ ಕೊಡುತ್ತಿಲ್ಲ. ನಾವು ತಿರುಗುವ ಜಾಗದಿಂದ ನೋಡುತ್ತಿದ್ದೇವೆ, ಅದಕ್ಕೇ ಅದು ಬಂತು. ಎರಡೂ ದಾರಿಯಲ್ಲಿ ಉತ್ತರ ಒಂದೇ. ಎರಡನ್ನೂ ಬೆರೆಸಿ, ರಸ್ತೆ ಬದಿಯಿಂದ ನೋಡುತ್ತಾ ಹೊರಕ್ಕೂ ಒಂದು ಬಾಣ ಬರೆದರೆ ಮಾತ್ರ ಸೊನ್ನೆ ಮಾರ್ಕು.

ಒಂದು ಸ್ವಾರಸ್ಯ. ಈ ವೇಗದ ವರ್ಗದ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದ್ದು ಹಾಲೆಂಡಿನ ಹೈಗನ್ಸ್, 1659ರಲ್ಲಿ. ದೊಡ್ಡದೊಂದು ಚಕ್ರಕ್ಕೆ ಒಬ್ಬ ಮನುಷ್ಯನನ್ನು ಕಟ್ಟಿ, ಅವನ ಕೈಗೆ ಸೀಸದ ಗುಂಡು ಕಟ್ಟಿದ ದಾರ ಕೊಟ್ಟು, ಚಕ್ರ ತಿರುಗಿದರೆ ಅವನಿಗೆ ದಾರದ ಎಳೆತ ಎಷ್ಟು ಗೊತ್ತಾಗುತ್ತದೆ ಎಂದು ಯೋಚಿಸಿದ. ಅಂದರೆ ಅವನು ನಮ್ಮ ಹುಡುಗಿಯ ಹಾಗೆ ಒಳಗಿನಿಂದ ನೋಡಿದವನು. 1687ರಲ್ಲಿ ನ್ಯೂಟನ್ ಒಳಕ್ಕೆ ಎಳೆಯುವ ಬಲವನ್ನು ಮುಂದಿಟ್ಟ, ಚಂದ್ರನ ಲೆಕ್ಕವೂ ಅದರಲ್ಲೇ ಬಂತು.

ಜೀಪ್ ಅಣ್ಣ, ಮಡಿಕೇರಿ
ಮೇಷ್ಟ್ರೇ, ನೀವು ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ ತಿರುವಿನಲ್ಲಿ ಗಾಡಿಯ ಮೇಲಿಂದ ಬಾಳೆಗೊನೆ ಬಿದ್ದರೆ ಹೊರಗಡೆಗೇ ಹಾರುತ್ತದೆ. ನಾನೇ ಕನ್ನಡಿಯಲ್ಲಿ ನೋಡಿದ್ದೇನೆ. ಅದಕ್ಕೆ ಏನಂತೀರಿ?

ಹಳೇ ಮೇಷ್ಟ್ರು, ವಿರಾಜಪೇಟೆ
ಕನ್ನಡಿಯಲ್ಲಿ ನೋಡಿದ್ದೀರಲ್ಲ, ಅಲ್ಲೇ ಇದೆ ಉತ್ತರ! ಗೊನೆ ಕೈ ಬಿಟ್ಟ ಕ್ಷಣದಲ್ಲಿ ಗಾಡಿ ಯಾವ ದಿಕ್ಕಿಗೆ ಹೋಗುತ್ತಿತ್ತೋ ಅದೇ ದಿಕ್ಕಿಗೆ ನೇರ ಹೋಗುತ್ತದೆ. ಕೇಂದ್ರದಿಂದ ಸೀದಾ ಹೊರಕ್ಕಲ್ಲ, ವೃತ್ತದ ಸ್ಪರ್ಶರೇಖೆಯ ಮೇಲೆ. ತಿರುಗಿ ಹೋದದ್ದು ನಿಮ್ಮ ಗಾಡಿ. ರಸ್ತೆ ಬಾಗಿರುವುದರಿಂದ ನೇರ ಹೋದ ಗೊನೆ ರಸ್ತೆಯ ಹೊರ ಅಂಚಿಗೆ ಸೇರುತ್ತದೆ. ಕಟ್ಟೆ ಮೇಲೆ ಕೂತವನನ್ನು ಕೇಳಿ, ಗೊನೆ ಮುಂದಕ್ಕೆ ಹೋಯಿತು ಎನ್ನುತ್ತಾನೆ.

ರಸ್ತೆ ಕೆಲಸದವ
ನಾನು ಸಿವಿಲ್ ಇಂಜಿನಿಯರ್, ಗುಡ್ಡದ ರಸ್ತೆಗಳಲ್ಲಿ ಕೆಲಸ ಮಾಡಿದವನು. ಬಸ್ಸಿಗೆ ಆ ಒಳಮುಖ ಬಲ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಒಂದು, ಟೈರು ಮತ್ತು ರಸ್ತೆಯ ಘರ್ಷಣೆ. ಇನ್ನೊಂದು, ರಸ್ತೆಯ ಹೊರ ಅಂಚನ್ನು ಎತ್ತರಿಸಿ ಒಳಕ್ಕೆ ಓರೆ ಮಾಡುವುದು. ನಾವು ಸೂಪರ್ ಎಲಿವೇಶನ್ ಎನ್ನುತ್ತೇವೆ. ಓರೆ ಇದ್ದಾಗ ರಸ್ತೆ ಮೇಲಕ್ಕೆ ಒತ್ತುವ ಬಲವೇ ಸ್ವಲ್ಪ ಒಳಕ್ಕೆ ವಾಲುತ್ತದೆ, ಘರ್ಷಣೆಯ ಹೊರೆ ಕಡಿಮೆಯಾಗುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದಲ್ಲಿ ಬಯಲು ರಸ್ತೆಗೆ ಈ ಓರೆ ಹೆಚ್ಚೆಂದರೆ ಶೇ. 7, ಹಿಮ ಬೀಳದ ಗುಡ್ಡ ಪ್ರದೇಶಕ್ಕೆ ಶೇ. 10. ಪಕ್ಕದ ಘರ್ಷಣೆಯನ್ನು 0.15 ಎಂದು ಹಿಡಿಯುತ್ತಾರೆ. ಎರಡೂ ಸೇರಿ 0.25, ಅಂದರೆ ಪಕ್ಕಕ್ಕೆ ಗುರುತ್ವದ ಕಾಲು ಭಾಗದವರೆಗೆ. ಹೇರ್‌ಪಿನ್ ತಿರುವಿಗೆ ಕನಿಷ್ಠ ಒಳ ತ್ರಿಜ್ಯ 14 ಮೀಟರ್, ವಿನ್ಯಾಸದ ವೇಗ ಗಂಟೆಗೆ 20 ಕಿ.ಮೀ. ಮೇಷ್ಟ್ರ ಲೆಕ್ಕವನ್ನೇ ಹಾಕಿ, ಬಂದದ್ದನ್ನು ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿ. ಗುರುತ್ವದ 0.22ರಷ್ಟು ಬರುತ್ತದೆ, 0.25ರ ಒಳಗೇ ಇದೆ. ಅದೇ ತಿರುವಿನಲ್ಲಿ ಯಾರಾದರೂ 40ರಲ್ಲಿ ಬಂದರೆ ಬೇಕಾಗುವುದು 0.9. ಒಣ ಡಾಂಬರಿನ ಮೇಲೂ ಸಾಮಾನ್ಯ ಟೈರಿಗೆ ಅಷ್ಟು ಹಿಡಿತ ಸಿಗುವುದು ಕಷ್ಟ. ಇನ್ನು ಜುಲೈ ಮಳೆಯಲ್ಲಿ, ರಸ್ತೆ ಮೇಲೆ ಪಾಚಿ, ಕೊಳೆತ ಎಲೆ, ಯಾರದೋ ಲಾರಿಯಿಂದ ಸೋರಿದ ಡೀಸೆಲ್ ಇರುವಾಗ ಕೇಳುವುದೇ ಬೇಡ.

ಮಳೆಯಲ್ಲಿ ಬೈಕು
ಮಾಕುಟ್ಟ ಘಾಟಿಯಲ್ಲಿ ಬೈಕ್ ಓಡಿಸುವವರಿಗೆ ಇದೆಲ್ಲ ಮೈಯಲ್ಲೇ ಗೊತ್ತು ಸಾರ್. ನನಗೆ ಅರ್ಥವಾಗದ್ದು ಒಂದೇ. ತಿರುವಿನ ಮಧ್ಯದಲ್ಲಿ ಬ್ರೇಕ್ ಹಿಡಿಯಬೇಡ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ? ವೇಗ ಕಡಿಮೆಯಾದರೆ ಒಳ್ಳೆಯದೇ ಅಲ್ವಾ?

ರಸ್ತೆ ಕೆಲಸದವ
ವೇಗ ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ತಿರುವಿಗೆ ಮೊದಲು. ಟೈರಿನ ಹಿಡಿತ ಒಂದೇ ಜೇಬಿನ ದುಡ್ಡು. ತಿರುಗುವುದಕ್ಕೂ ಅದರಿಂದಲೇ ಖರ್ಚು, ಬ್ರೇಕಿಗೂ ಅದರಿಂದಲೇ. ಬಾಗಿ ತಿರುಗುವಾಗ ಜೇಬು ಹೆಚ್ಚುಕಡಿಮೆ ಖಾಲಿ. ಆಗ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಟೈರು ಪಕ್ಕಕ್ಕೆ ಜಾರುತ್ತದೆ, ಮತ್ತೆ ಬೈಕು ಏನು ಮಾಡುತ್ತದೆ ಗೊತ್ತಲ್ಲ, ಸ್ಪರ್ಶರೇಖೆಯ ಮೇಲೆ ನೇರ ಕಾಫಿ ತೋಟಕ್ಕೆ.

ಸಂಪಾಜೆ ಹುಡುಗಿ
ಥ್ಯಾಂಕ್ಸ್ ಎಲ್ಲರಿಗೂ. ಈಗ ನಿಂತವರ ವಿಷಯ. ಸೀಟು ಸಿಗದೆ ಕಂಬಿ ಹಿಡಿದು ನಿಂತಾಗ ಕಿಟಕಿ ಇಲ್ಲವಲ್ಲ. ಆಗ ಒಳಕ್ಕೆ ತಳ್ಳುವವರು ಯಾರು? ಮತ್ತೆ ನಮ್ಮ ಕಂಡಕ್ಟರ್ ಏನನ್ನೂ ಹಿಡಿಯದೆ ಟಿಕೆಟ್ ಹರಿಯುತ್ತಾರೆ, ಅವರು ಯಾಕೆ ಬೀಳುವುದಿಲ್ಲ?

ಹಳೇ ಮೇಷ್ಟ್ರು, ವಿರಾಜಪೇಟೆ
ನಿಂತವರಿಗೆ ಒಳಕ್ಕೆ ತಳ್ಳುವುದು ಬಸ್ಸಿನ ನೆಲ, ಪಾದದ ಹತ್ತಿರ, ಘರ್ಷಣೆಯಿಂದ. ಕಂಬಿ ಹಿಡಿದಿದ್ದರೆ ಕೈಯಿಂದಲೂ ಸ್ವಲ್ಪ. ತೊಂದರೆ ಏನೆಂದರೆ ಪಾದ ಒಳಕ್ಕೆ ಹೋಗುತ್ತದೆ, ಸೊಂಟದ ಹತ್ತಿರ ಇರುವ ಗುರುತ್ವ ಕೇಂದ್ರ ನೇರ ಹೋಗಲು ನೋಡುತ್ತದೆ. ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗೆ. ಮನುಷ್ಯ ಹೊರಗಡೆಗೆ ಉರುಳುತ್ತಾನೆ.

ಬೀಳದೆ ಇರಬೇಕಾದರೆ ಒಳಕ್ಕೆ ವಾಲಬೇಕು. ನೆಲ ಮೇಲಕ್ಕೆ ಒತ್ತುವುದೂ, ಘರ್ಷಣೆ ಒಳಕ್ಕೆ ತಳ್ಳುವುದೂ ಸೇರಿ ಒಂದು ಓರೆ ಬಲವಾಗುತ್ತದೆ. ಆ ಓರೆ ಗೆರೆ ನಮ್ಮ ಗುರುತ್ವ ಕೇಂದ್ರದ ಮೂಲಕ ಹಾದು ಹೋದರೆ ಉರುಳುವ ಪ್ರಶ್ನೆ ಇಲ್ಲ. ನಾನು ಮೊದಲು ಹೇಳಿದ 20 ಮೀಟರ್ ತಿರುವಿನಲ್ಲಿ 18 ಕಿ.ಮೀ. ವೇಗಕ್ಕೆ ಸುಮಾರು 7 ಡಿಗ್ರಿ ವಾಲಿದರೆ ಸಾಕು. 36ಕ್ಕೆ 27 ಡಿಗ್ರಿ ಬೇಕು, ಅದು ಕಂಬಿ ಇಲ್ಲದೆ ಯಾರಿಗೂ ಆಗದ ಮಾತು. ಕಂಡಕ್ಟರಿಗೆ ಯಾವ ತಿರುವು ಯಾವಾಗ ಬರುತ್ತದೆ ಎಂದು ಬಾಯಿಪಾಠ. ಕಾಲು ಅಗಲಿಸಿ, ಬಸ್ಸು ತಿರುಗುವ ಮೊದಲೇ ವಾಲಿರುತ್ತಾರೆ, ಬೆನ್ನನ್ನು ಸೀಟಿನ ಅಂಚಿಗೆ ಒರಗಿಸಿರುತ್ತಾರೆ. ನೀನು ಗಮನಿಸಿಲ್ಲ ಅಷ್ಟೇ.

ಗೋಣಿಕೊಪ್ಪ ನರ್ಸ್
ವಾಂತಿಯ ಬಗ್ಗೆ ಯಾರೂ ಹೇಳಲೇ ಇಲ್ಲ! ಘಾಟಿ ಅಂದರೆ ಅರ್ಧ ಬಸ್ಸಿಗೆ ಅದೇ ಚಿಂತೆ. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ತಲೆ ತಿರುಗಿದರೆ ಅದರೊಳಗಿನ ದ್ರವ ಅಲುಗಿ ಮಿದುಳಿಗೆ ಹೇಳುತ್ತದೆ. ಪಕ್ಕದಲ್ಲೇ ಸಣ್ಣ ಹರಳುಗಳಿರುವ ಇನ್ನೊಂದು ಭಾಗ ಇದೆ, ಮೈ ಪಕ್ಕಕ್ಕೆ ಎಳೆದದ್ದು, ತಲೆ ವಾಲಿದ್ದು ಅದಕ್ಕೆ ಗೊತ್ತಾಗುತ್ತದೆ. ಕಿವಿ "ತಿರುಗುತ್ತಿದ್ದೇವೆ" ಎನ್ನುವಾಗ ಕಣ್ಣು ಮೊಬೈಲಿನಲ್ಲಿ ನೆಟ್ಟು "ಸುಮ್ನೆ ಕೂತಿದ್ದೇವೆ" ಎಂದರೆ ಮಿದುಳಿಗೆ ಹೊಂದುವುದಿಲ್ಲ, ಹೊಟ್ಟೆ ತೊಳಸುತ್ತದೆ. ಡ್ರೈವರಿಗೆ ಹಾಗೆ ಆಗುವುದು ಅಪರೂಪ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು, ತಲೆಯೂ ತಾನಾಗಿ ಒಳಗಡೆಗೆ ವಾಲುತ್ತದೆ. ನಮ್ಮ ತಲೆ ಹೊರಗಡೆಗೆ ಎಸೆದ ಹಾಗೆ ಹೋಗುತ್ತದೆ.

ಆದ್ದರಿಂದ ತಂಗೀ, ಬಸ್ಸಿನಲ್ಲಿ ನೋಟ್ಸ್ ಓದಬೇಡ. ಮುಂದಿನ ಗಾಜಿನಿಂದ ರಸ್ತೆ ಕಾಣುವ ಸೀಟು ಹಿಡಿ. ಹಿಂದಿನ ಚಕ್ರಕ್ಕಿಂತ ಹಿಂದಿನ ಸೀಟಂತೂ ಬೇಡವೇ ಬೇಡ, ತಿರುವಿನಲ್ಲಿ ಬಾಲ ಬೀಸುತ್ತದೆ, ಗುಂಡಿಯಲ್ಲಿ ಎತ್ತಿ ಹಾಕುತ್ತದೆ.

ತೋಟದ ಮನೆ, ಸುಂಟಿಕೊಪ್ಪ
ನನ್ನ ಪ್ರಶ್ನೆ ಪಿಕಪ್ಪಿನದು. ಕೊಯ್ಲಿನ ಸಮಯದಲ್ಲಿ ಕಾಫಿ ಚೆರಿ ಮೂಟೆ ಎತ್ತರಕ್ಕೆ ಪೇರಿಸಿ, ಅದರ ಮೇಲೆ ಜನವನ್ನೂ ಕೂರಿಸಿಕೊಂಡು ತೋಟದ ರಸ್ತೆಯಲ್ಲಿ ಇಳಿಯುತ್ತಾರೆ. ನಾನು ಬೇಡ ಅಂದರೆ ಹುಡುಗರು ನಗುತ್ತಾರೆ. ಭಾರ ಜಾಸ್ತಿ ಇದ್ದರೆ ಗಾಡಿ ನೆಲ ಕಚ್ಚಿ ಹಿಡಿಯುತ್ತದೆ ಅನ್ನುವುದು ಅವರ ವಾದ.

ರಸ್ತೆ ಕೆಲಸದವ
ಅವರ ವಾದದಲ್ಲಿ ಅರ್ಧ ಸತ್ಯ ಇದೆ. ಭಾರ ಹೆಚ್ಚಾದರೆ ಘರ್ಷಣೆಯೂ ಹೆಚ್ಚು. ಆದರೆ ತಿರುಗಲು ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ, ಲಾಭ ಸೊನ್ನೆ. ನಿಜವಾದ ಅಪಾಯ ಎತ್ತರ.

ಎರಡು ಚಕ್ರಗಳ ನಡುವಿನ ಅಗಲ 1.4 ಮೀಟರ್ ಎಂದುಕೊಳ್ಳಿ, ಅರ್ಧ 0.7. ಖಾಲಿ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 0.7 ಮೀಟರ್ ಎತ್ತರದಲ್ಲಿದ್ದರೆ, ಅದು ಉರುಳಲು ಪಕ್ಕದ ವೇಗೋತ್ಕರ್ಷ ಗುರುತ್ವದಷ್ಟೇ ಇರಬೇಕು. ಅಷ್ಟು ಬರುವ ಮೊದಲೇ ಟೈರು ಜಾರುತ್ತದೆ, ಅಂದರೆ ಗಾಡಿ ಉರುಳುವುದಿಲ್ಲ. ಮೂಟೆ ಪೇರಿಸಿ ಗುರುತ್ವ ಕೇಂದ್ರ 1.1 ಮೀಟರಿಗೆ ಏರಿತೆಂದರೆ ಗುರುತ್ವದ 0.64ರಷ್ಟು ಸಾಕು. ಒಣ ರಸ್ತೆಯ ಹಿಡಿತ 0.7 ಇದ್ದರೆ ಜಾರುವ ಮೊದಲೇ ಮಗುಚುತ್ತದೆ. ಸ್ಪ್ರಿಂಗ್ ಪಟ್ಟಿ ಒಂದು ಕಡೆ ಕುಗ್ಗಿದರೆ ಇನ್ನೂ ಬೇಗ. ಮೂಟೆಯ ಮೇಲೆ ಕೂತವನಿಗೆ ಕಿಟಕಿಯೂ ಇಲ್ಲ, ಕಂಬಿಯೂ ಇಲ್ಲ, ಗೋಣಿಚೀಲದ ಘರ್ಷಣೆಯೊಂದೇ ಗತಿ. ಹುಡುಗರಿಗೆ ಇದನ್ನು ತೋರಿಸಿ. ಆಮೇಲೂ ನಕ್ಕರೆ ಕೀ ಕಿತ್ತುಕೊಳ್ಳಿ.

ಜೀಪ್ ಅಣ್ಣ, ಮಡಿಕೇರಿ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕೀ ವಿಷಯ ಅಂತೂ ನೂರಕ್ಕೆ ನೂರು.

ಮಳೆಯಲ್ಲಿ ಬೈಕು
ಎಗ್ಸಿಬಿಷನ್‌ನಲ್ಲಿ ಮರದ ಬಾವಿಯ ಗೋಡೆ ಮೇಲೆ ಬೈಕ್ ಓಡಿಸುತ್ತಾರಲ್ಲ, ಕೈ ಬಿಟ್ಟು ನೋಟು ಬೇರೆ ಕಿತ್ತುಕೊಳ್ಳುತ್ತಾರೆ. ಅವರು ಕೆಳಗೆ ಬೀಳದೆ ಇರುವುದು ಹೊರಕ್ಕೆ ತಳ್ಳುವ ಬಲ ಇರುವುದರಿಂದಲೇ ಅಲ್ವಾ ಮೇಷ್ಟ್ರೇ? ಇದಕ್ಕೆ ನೀವು ಸಿಕ್ಕಿಬಿದ್ದಿರಿ.

ಹಳೇ ಮೇಷ್ಟ್ರು, ವಿರಾಜಪೇಟೆ
ಸಿಕ್ಕಿಬೀಳಲಿಲ್ಲ ತಮ್ಮಾ. ಬೈಕು ನೇರ ಹೋಗಲು ನೋಡುತ್ತದೆ, ಗೋಡೆ ಅಡ್ಡ ಬಂದು ಒಳಕ್ಕೆ ಒತ್ತುತ್ತದೆ. ಗೋಡೆ ಜೋರಾಗಿ ಒತ್ತಿದಷ್ಟೂ ಟೈರಿಗೆ ಘರ್ಷಣೆ ಜಾಸ್ತಿ ಸಿಗುತ್ತದೆ. ಆ ಘರ್ಷಣೆ ಮೇಲ್ಮುಖ, ತೂಕವನ್ನು ಹೊರುವುದು ಅದೇ. ಬೈಕು, ಸವಾರ ಸೇರಿ ಸುತ್ತುವ ತ್ರಿಜ್ಯ 4 ಮೀಟರ್, ವೇಗ ಸೆಕೆಂಡಿಗೆ 10 ಮೀಟರ್ ಎಂದರೆ ಗೋಡೆಯ ಒತ್ತು ತೂಕದ ಎರಡೂವರೆ ಪಟ್ಟು. ಘರ್ಷಣಾಂಕ 0.4 ಇದ್ದರೂ ನಿಲ್ಲುತ್ತದೆ. ವೇಗ ಅರ್ಧಕ್ಕೆ ಇಳಿದರೆ ಗೋಡೆಯ ಒತ್ತು ಕಾಲು ಭಾಗ, ಬೈಕು ಜಾರಿ ಕೆಳಗೆ. ಅದಕ್ಕೇ ಕೆಳಗೆ ಓರೆ ಹಲಗೆಯ ಮೇಲೆ ವೇಗ ತುಂಬಿಸಿಕೊಂಡೇ ಗೋಡೆಗೆ ಏರುತ್ತಾರೆ.

ಜಾಯಿಂಟ್ ವೀಲ್ ಇದಕ್ಕಿಂತ ಸಾಧು ಪ್ರಾಣಿ. 10 ಮೀಟರ್ ತ್ರಿಜ್ಯ, 20 ಸೆಕೆಂಡಿಗೆ ಒಂದು ಸುತ್ತು ಎಂದರೆ ವ್ಯತ್ಯಾಸ ಹತ್ತನೇ ಒಂದು ಭಾಗ ಮಾತ್ರ. 60 ಕೆಜಿಯವರು ತುದಿಯಲ್ಲಿ 54 ಕೆಜಿಯವರಂತೆ ಹಗುರ, ಕೆಳಗೆ 66ರಂತೆ ಭಾರ. ಉಯ್ಯಾಲೆಯೇ ಜೋರು! ಲಂಬದಿಂದ 60 ಡಿಗ್ರಿಯವರೆಗೆ ಜೀಕಿದರೆ ತುದಿಯಲ್ಲಿ ಸೀಟು ನಿಮ್ಮನ್ನು ಒತ್ತುವುದು ತೂಕದ ಅರ್ಧದಷ್ಟು, ಕೆಳಗೆ ಬಂದಾಗ ಎರಡರಷ್ಟು. ಹಗ್ಗ ಉದ್ದ ಇರಲಿ, ಗಿಡ್ಡ ಇರಲಿ, ಲೆಕ್ಕ ಬದಲಾಗುವುದಿಲ್ಲ. ಹಲಸಿನ ಮರದ ಹಳೆ ಹಗ್ಗ ಹರಿಯುವುದು ಹೆಚ್ಚಾಗಿ ತಳದಲ್ಲೇ, ಯಾಕೆಂದು ಈಗ ಗೊತ್ತಾಯಿತಲ್ಲ.

ವಾಯುಸೇನೆ ಪಿಂಚಣಿದಾರ, ಪೊನ್ನಂಪೇಟೆ
ಓದುತ್ತಾ ಕೂತಿದ್ದೆ, ಇನ್ನು ತಡೆಯಲಾಗಲಿಲ್ಲ. ಘಾಟಿಯಲ್ಲಿ ನಿಮಗೆ ಪಕ್ಕಕ್ಕೆ ಗುರುತ್ವದ ಕಾಲು ಭಾಗ. ಯುದ್ಧ ವಿಮಾನ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಒಂದು ಕಿ.ಮೀ. ತ್ರಿಜ್ಯದಲ್ಲಿ ತಿರುಗಿದರೆ ಪೈಲಟ್‌ಗೆ ಸುಮಾರು 4 ಜಿ, ಅಂದರೆ ಗುರುತ್ವದ ನಾಲ್ಕು ಪಟ್ಟು. ವಿಮಾನ ಓರೆಯಾಗಿ ತಿರುಗುವುದರಿಂದ ಸೀಟು ಒತ್ತುವುದು ಪಕ್ಕಕ್ಕಲ್ಲ, ಕೆಳಗಿನಿಂದ ತಲೆಯ ಕಡೆಗೆ. ರಕ್ತ ಕಾಲಿಗೆ ಇಳಿಯುತ್ತದೆ, ತಲೆಗೆ ಏರಿಸಲು ಹೃದಯ ಒದ್ದಾಡುತ್ತದೆ. ಮೊದಲು ಕಣ್ಣಿಗೆ ಬಣ್ಣ ಮಾಸುತ್ತದೆ, ಆಮೇಲೆ ಕತ್ತಲೆ, ಆಮೇಲೆ ಎಚ್ಚರವೇ ತಪ್ಪುತ್ತದೆ. ಅದಕ್ಕೆ ಕಾಲು, ಹೊಟ್ಟೆಯನ್ನು ಗಾಳಿ ತುಂಬಿ ಬಿಗಿಯುವ ಸೂಟು, ಜೊತೆಗೆ ಮಾಂಸಖಂಡ ಬಿಗಿಹಿಡಿದು ಉಸಿರಾಡುವ ಅಭ್ಯಾಸ. ಇದೆಲ್ಲ ಇದ್ದರೆ ತರಬೇತಾದವರು ಸ್ವಲ್ಪ ಹೊತ್ತು 9 ಜಿ ತಡೆಯುತ್ತಾರೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಉದ್ದ ತೋಳಿನ ತುದಿಗೆ ಮನುಷ್ಯನನ್ನು ಕೂರಿಸಿ ಗಿರಗಿರ ತಿರುಗಿಸುವ ಯಂತ್ರವಿದೆ, ಇದಕ್ಕೇ.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಲ್ಲಿ ಹೋಗಿ ಅವರ ಎಫ್-104 ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿದವರು. ಸ್ಟಾರ್‌ಫೈಟರ್ ವೇಗದಲ್ಲಿ ಎಷ್ಟೋ ಮುಂದು, ಆದರೆ ರೆಕ್ಕೆ ಪುಟ್ಟದು, ಸಣ್ಣ ವೃತ್ತದಲ್ಲಿ ತಿರುಗಲು ಅದಕ್ಕೆ ಕಷ್ಟ. ಗಾಳಿಯಲ್ಲಿ ಒಳಮುಖ ಬಲ ಕೊಡುವುದು ರೆಕ್ಕೆಯೇ ನೋಡಿ. ಅವರು ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಸುತ್ತಿ ಹೋಗುವ ಎಷ್ಟು ಜನಕ್ಕೆ ಇದು ಗೊತ್ತಿದೆಯೋ!

ಸಂಪಾಜೆ ಹುಡುಗಿ
ನನ್ನ ತಮ್ಮ ಪಕ್ಕದಲ್ಲಿ ಕೂತು ಕೇಳುತ್ತಿದ್ದಾನೆ. ಭೂಮಿಯೂ ತಿರುಗುತ್ತದಲ್ಲ, ಹಾಗಾದರೆ ನಾವೆಲ್ಲ ದಿನಾ ವೃತ್ತದಲ್ಲೇ ಇದ್ದೇವೆ. ಅದು ಯಾಕೆ ಗೊತ್ತಾಗುವುದಿಲ್ಲ?

ಹಳೇ ಮೇಷ್ಟ್ರು, ವಿರಾಜಪೇಟೆ
ತಮ್ಮನಿಗೆ ಒಂದು ಚಾಕಲೇಟ್ ಕೊಡು. ಕೊಡಗಿನಲ್ಲಿ ಕೂತ ನಾವು ಗಂಟೆಗೆ 1,600 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಸುತ್ತುತ್ತಿದ್ದೇವೆ. ಆದರೆ ತ್ರಿಜ್ಯ ಆರು ಸಾವಿರ ಕಿ.ಮೀ. ಮೇಲೆ, ಒಂದು ಸುತ್ತಿಗೆ ಒಂದು ದಿನ. ಭಾಗಿಸಿದರೆ ಬರುವುದು ಸೆಕೆಂಡಿನ ವರ್ಗಕ್ಕೆ 0.033 ಮೀಟರ್. 60 ಕೆಜಿ ಮನುಷ್ಯನಿಗೆ 2 ನ್ಯೂಟನ್. ಗುರುತ್ವ ಎಳೆಯುವುದರಲ್ಲಿ ಅಷ್ಟು ಸುತ್ತಿಸುವುದಕ್ಕೇ ಖರ್ಚಾಗುತ್ತದೆ, ಉಳಿದದ್ದು ತಕ್ಕಡಿಯ ಮೇಲೆ ಕಾಣುತ್ತದೆ. ಅಂದರೆ ಭೂಮಿ ತಿರುಗದೆ ನಿಂತಿದ್ದರೆ ಸ್ಪ್ರಿಂಗ್ ತಕ್ಕಡಿಯಲ್ಲಿ ಸುಮಾರು 200 ಗ್ರಾಂ ಜಾಸ್ತಿ ತೂಗುತ್ತಿದ್ದೆವು. ದಿಕ್ಕೂ ಹಠಾತ್ತನೆ ಬದಲಾಗುವುದಿಲ್ಲ, ಕಿವಿಗೆ ಗೊತ್ತಾಗುವುದು ಹೇಗೆ?

ತೋಟದ ಮನೆ, ಸುಂಟಿಕೊಪ್ಪ
ಇರಿ ಇರಿ. ಧ್ರುವದಲ್ಲಿ ಈ ಸುತ್ತಾಟ ಇಲ್ಲ. ಹಾಗಾದರೆ ನನ್ನ 50 ಕೆಜಿ ಕಾಫಿ ಮೂಟೆ ಅಲ್ಲಿ ಜಾಸ್ತಿ ತೂಗುತ್ತದಾ?

ಹಳೇ ಮೇಷ್ಟ್ರು, ವಿರಾಜಪೇಟೆ
ಇಲ್ಲಿ ಸರಿಮಾಡಿದ ಸ್ಪ್ರಿಂಗ್ ತಕ್ಕಡಿ ಒಯ್ದರೆ ಸುಮಾರು ಕಾಲು ಕೆಜಿ ಜಾಸ್ತಿ ತೋರಿಸುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸುತ್ತಾಟ ಇಲ್ಲದ್ದರಿಂದ, ಉಳಿದದ್ದು ಧ್ರುವದಲ್ಲಿ ಭೂಮಿ ಸ್ವಲ್ಪ ಚಪ್ಪಟೆ ಇರುವುದರಿಂದ. ಬಟ್ಟು ಇಟ್ಟು ತೂಗುವ ತಕ್ಕಡಿಯಾದರೆ ಇಲ್ಲೂ 50, ಅಲ್ಲೂ 50, ಬಟ್ಟೂ ಅಷ್ಟೇ ಭಾರವಾಗುತ್ತದಲ್ಲ.

ಜೀಪ್ ಅಣ್ಣ, ಮಡಿಕೇರಿ
ಕಾಲು ಕೆಜಿಗೆ ಧ್ರುವದವರೆಗೆ ಬಾಡಿಗೆ ಎಷ್ಟಾಗುತ್ತದೆ ಅಂತ ನನ್ನನ್ನು ಮಾತ್ರ ಕೇಳಬೇಡಿ.